ಸೇರದು ಎನ್ನುವವರ ಪ್ರಣಾಳಿಕೆ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಹುಟ್ಟಿಯೂ ಹಲಸಿನ ಹಣ್ಣಿನ ವಾಸನೆಗೆ ಒಳಮನೆ ಬಿಟ್ಟು ಜಗಲಿಗೆ ಬಂದು ಕೂತವರು ನಾವು. ಬಸಳೆಯ ಲೋಳೆ ಗಂಟಲಿನಲ್ಲಿ ಇಳಿಯದವರು, ಕಳಲೆ ಪಲ್ಯದ ಕಮಟಿಗೆ ಮುಖ ತಿರುಗಿಸಿದವರು, ಮಜ್ಜಿಗೆ ಅನ್ನ ಉಣ್ಣದೆ ಎದ್ದು "ಇದೆಂಥ ಊಟ" ಅನ್ನಿಸಿಕೊಂಡವರು. ನಾವು ಮಕ್ಕಳಲ್ಲ. ನಮಗೆ ಮೂವತ್ತಾಗಿದೆ, ನಲವತ್ತಾಗಿದೆ, ಅರವತ್ತೂ ಆಗಿದೆ. ಅಡಿಕೆಗೆ ಕೊಳೆ ಔಷಧಿ ಹೊಡೆಸುತ್ತೇವೆ, ಸೊಸೈಟಿ ಸಾಲ ಕಟ್ಟುತ್ತೇವೆ, ಮಕ್ಕಳ ಮದುವೆ ಮಾಡಿದ್ದೇವೆ. ಎಲೆಯ ಮುಂದೆ ಕೂತಾಗ ಮಾತ್ರ ಮೂರು ವರ್ಷದ ಮಗುವಿಗೆ ಹೇಳುವ ಮಾತನ್ನೇ ನಮಗೂ ಹೇಳುತ್ತಾರೆ. ಇನ್ನು ಸಾಕು ಎಂದು ಈ ಚಳವಳಿ ಶುರುಮಾಡುತ್ತಿದ್ದೇವೆ.

ಚಳವಳಿ ಎಂಬ ಮಾತನ್ನು ಈ ನೆಲದಲ್ಲಿ ಹಗುರವಾಗಿ ಆಡಬಾರದು ಎಂಬುದು ನಮಗೆ ಗೊತ್ತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಕೊಳಗದ ಅಳತೆಗಾಗಿ, ತಾವು ಬೆಳೆದ ಭತ್ತ ತಮ್ಮ ಮನೆಗೂ ಬರಲಿ ಎಂದು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನಿಂದಾಗಿ ಶರಾವತಿಯ ಹಿನ್ನೀರಿಗೆ ಗದ್ದೆ ತೋಟ ಬಿಟ್ಟುಕೊಟ್ಟು ಎದ್ದು ಹೋದ ಕುಟುಂಬಗಳು ಸಾಗರ, ಹೊಸನಗರದ ತುಂಬ ಇವೆ. "ಹಸಿದರೆ ಎಲ್ಲ ಸೇರ್ತದೆ" ಎಂದು ಹಿರಿಯರು ಗದರುವಾಗ ಆ ದಿನಗಳೇ ಮಾತಾಡುತ್ತಿರುತ್ತವೆ. ಆ ಮಾತಿಗೆ ನಾವು ತಲೆಬಾಗುತ್ತೇವೆ. ಅವರ ಹೋರಾಟದ ಪಕ್ಕದಲ್ಲಿ ನಮ್ಮದನ್ನು ಕೂರಿಸುವುದಿಲ್ಲ. ಆದರೆ ಹಸಿವು ಬೇರೆ, ಸೇರದಿರುವುದು ಬೇರೆ. ಹಸಿದ ಹೊಟ್ಟೆಯಲ್ಲೂ ಗಂಟಲು ಕಟ್ಟಿಕೊಂಡದ್ದನ್ನು ನಾವು ಬಲ್ಲೆವು.

ನನ್ನದೇ ಒಂದು ದಿನ ಹೇಳುತ್ತೇನೆ. ಆರಿದ್ರ ಮಳೆ ಹಿಡಿದಿತ್ತು. ಹೊಸನಗರದ ಕಡೆ ಅತ್ತೆಯ ಮನೆಯಲ್ಲಿ ಹಲಸಿನ ಹಣ್ಣಿನ ಕಡುಬು. ನನಗಾಗ ಮೂವತ್ತನಾಲ್ಕು. ಬಾಳೆಲೆ ಬಿಚ್ಚಿದ ಕೂಡಲೇ ಆವಿ ಎದ್ದು ಮುಖಕ್ಕೆ ಬಂತು. ನಾನು ಎಲೆಗೆ ಅಡ್ಡ ಕೈ ಹಿಡಿದೆ. "ಒಂಚೂರು ತಿನ್ನೋ, ಎಂತೂ ಆಗ್ತಿಲ್ಲೆ" ಎನ್ನುತ್ತಾ ಅತ್ತೆ ನನ್ನ ಬೆರಳುಗಳ ಸಂದಿನಿಂದಲೇ ಒಂದು ತುಂಡು ಇಳಿಸಿ, ಮೇಲೆ ತುಪ್ಪ ಹಾಕಿದರು. ಎಂಟು ಜನ ನನ್ನನ್ನೇ ನೋಡುತ್ತಿದ್ದರು. ಬಾಯಿಗಿಟ್ಟು ನುಂಗಿದೆ. ಬಚ್ಚಲುಮನೆಯವರೆಗೆ ಹೋಗಲೂ ಆಗಲಿಲ್ಲ, ಹಿಂದಿನ ಬಾಗಿಲ ಮೆಟ್ಟಿಲ ಮೇಲೇ ಎಲ್ಲ ಹೊರಗೆ ಬಂತು. ಬಾಯಿ ತೊಳೆದು ಒಳಗೆ ಬಂದಾಗ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ತಮ್ಮ ಕೈ ಅಡುಗೆಯನ್ನು ನಾನು ಉಗಿದೆ ಎಂದೇ ಅವರು ತಿಳಿದರು. ಆಮೇಲೆ ಎಷ್ಟೋ ಕಾಲ ನಮ್ಮಿಬ್ಬರ ನಡುವೆ ಮೊದಲಿನ ಮಾತಿರಲಿಲ್ಲ. ಒತ್ತಾಯದ ಒಂದು ತುಂಡು ಇಬ್ಬರಿಗೂ ಏನು ಮಾಡಿತು ನೋಡಿ.

ಅದೇ ಅತ್ತೆ ಅಪ್ಪೆಮಿಡಿ ಆರಿಸುವುದನ್ನು ನೀವು ನೋಡಬೇಕು. ಮಿಡಿಯ ತೊಟ್ಟು ಮುರಿದು, ಚಿಮ್ಮಿದ ಸೊನೆಯನ್ನು ಮೂಗಿಗೆ ಹಿಡಿದು, "ಇದು ಬೇಡ" ಎಂದು ಬುಟ್ಟಿಗಟ್ಟಲೆ ವಾಪಸು ಕಳಿಸುತ್ತಾರೆ. ಜೀರಿಗೆ ಮಿಡಿ ಬೇರೆ, ಅನಂತಭಟ್ಟನ ಅಪ್ಪೆ ಬೇರೆ. ಒಂದು ಮರದ್ದು ಆದೀತು, ಪಕ್ಕದ ಮರದ್ದು ಆಗದು. ಹಲಸಿನಲ್ಲೂ ಬಕ್ಕೆ ಇದ್ದರೆ ಮಾತ್ರ ಕೈ ಹಾಕುವವರು, ಬಿಳುವ ಹಣ್ಣಾದರೆ ಮುಟ್ಟದವರು ಊರ ತುಂಬ ಇದ್ದಾರೆ. ಅವರನ್ನು ನಾವು ರುಚಿ ಬಲ್ಲವರು ಎಂದು ಕರೆಯುತ್ತೇವೆ. ಕೆಸುವಿನ ಎಲೆ ಗಂಟಲು ಕೆರೆಯುತ್ತದೆ ಎಂದು ಪತ್ರೊಡೆಗೆ ಹುಳಿ ಹಾಕುವ, ಕಳಲೆಯನ್ನು ನೀರು ಬದಲಿಸುತ್ತಾ ದಿನಗಟ್ಟಲೆ ನೆನೆಸುವ ಅಡುಗೆಮನೆ ನಮ್ಮದು. ನಾಲಗೆ, ಗಂಟಲು ಹೇಳಿದ್ದನ್ನು ಇಷ್ಟು ಶ್ರದ್ಧೆಯಿಂದ ಕೇಳಿಸಿಕೊಳ್ಳುವ ಈ ಅಡುಗೆಮನೆ ಒಬ್ಬ ಮನುಷ್ಯನ ಗಂಟಲು ಹೇಳಿದ್ದನ್ನೂ ಕೇಳಿಸಿಕೊಳ್ಳಲಿ ಎಂದಷ್ಟೇ ಕೇಳುತ್ತಿದ್ದೇವೆ.

ಎಲ್ಲರ ನಾಲಗೆ ಒಂದೇ ಅಲ್ಲ. 1931ರಲ್ಲಿ ಅಮೆರಿಕದ ಆರ್ಥರ್ ಫಾಕ್ಸ್ ಎಂಬ ರಸಾಯನ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಒಂದು ಪುಡಿ ಗಾಳಿಗೆ ಹಾರಿತು. ಪಕ್ಕದಲ್ಲಿದ್ದವರಿಗೆ ಬಾಯೆಲ್ಲ ಕಹಿ, ಫಾಕ್ಸ್‌ಗೆ ಏನೂ ಇಲ್ಲ. ಆ ವ್ಯತ್ಯಾಸ ಹುಟ್ಟಿನಿಂದ ಬರುವುದೆಂದು ಆಮೇಲೆ ತಿಳಿಯಿತು. ಒಂದೇ ಪಂಕ್ತಿಯಲ್ಲಿ ಹಾಗಲಕಾಯಿ ಮೆಣಸ್ಕಾಯಿ ಒಬ್ಬರಿಗೆ ಹಿತ, ಇನ್ನೊಬ್ಬರಿಗೆ ಅಸಾಧ್ಯ ಆಗುವುದರಲ್ಲಿ ಆಶ್ಚರ್ಯವೇನಿಲ್ಲ. ಕೆಲವರಲ್ಲಿ ಇದು ಇನ್ನೂ ಆಳಕ್ಕೆ ಹೋಗುತ್ತದೆ. ಮೂರ್ನಾಲ್ಕು ಪದಾರ್ಥ ಬಿಟ್ಟು ಬೇರೇನೂ ಇಳಿಯುವುದಿಲ್ಲ, ಮೈ ಸೊರಗುತ್ತದೆ, ಊಟವಿದ್ದಲ್ಲಿಗೆ ಹೋಗಲೇ ಅಂಜಿಕೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ 2013ರಲ್ಲಿ ಇದನ್ನು ಒಂದು ಕಾಯಿಲೆ ಎಂದೇ ಹೆಸರಿಸಿತು. ದೊಡ್ಡವರಿಗೂ ಅದು ಇರಬಹುದು. ಅಂಥವರಿಗೆ ಬೇಕಾದ್ದು ವೈದ್ಯರು.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ಮಗನಿಗೆ ಸೇರದಿದ್ದರೆ ಅವನಿಗೆಂದೇ ಇನ್ನೊಂದು ತಂಬುಳಿ ಆಗುತ್ತದೆ. ಸಾಗರದಿಂದ ತೀರ್ಥಹಳ್ಳಿಗೆ ಮದುವೆಯಾಗಿ ಹೋದ ಹುಡುಗಿಗೆ ಸೇರದಿದ್ದರೆ ಅದು ಸೊಕ್ಕು, ತವರಿನವರು ಕಲಿಸದ ಬುದ್ಧಿ. ತನಗೆ ಓಕರಿಕೆ ತರುವುದನ್ನು ದಿನಾ ತಾನೇ ಬೇಯಿಸಿ, ಬಡಿಸಿ, ಕೊನೆಗೆ ಬರೀ ಅನ್ನ ಉಪ್ಪಿನಕಾಯಿ ಕಲಸಿಕೊಂಡು ಉಂಡವರು ನಮ್ಮಲ್ಲಿದ್ದಾರೆ. ಈ ಚಳವಳಿ ಮೊದಲು ಅವರದು.

ಹಾಗಾಗಿ ನಮ್ಮ ಬೇಡಿಕೆ ದೊಡ್ಡದಲ್ಲ. "ಸೇರದು" ಎಂದರೆ ಅಲ್ಲಿಗೆ ಮಾತು ಮುಗಿಯಲಿ. ಯಾಕೆ ಎಂದು ಕೇಳಬೇಡಿ, ಪಂಕ್ತಿಗೆಲ್ಲ ಕೇಳುವಂತೆ ಹೇಳಬೇಡಿ, ಹೆಸರು ಹೇಳದೆ ಸಾರಿನಲ್ಲಿ ಕಲಸಿ ಹಾಕಬೇಡಿ. ಉಪಚಾರ ಇರಲಿ, ಅದು ಮಲೆನಾಡಿನ ಸೊಗಸು, ಅದನ್ನು ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಅಡ್ಡ ಹಿಡಿದ ಕೈ ಕಂಡಲ್ಲಿ ಸೌಟು ನಿಲ್ಲಲಿ.

ನಮ್ಮ ಮೇಲೂ ಕಟ್ಟುಪಾಡುಗಳಿವೆ. ನಮಗಾಗಿ ಇನ್ನೊಂದು ಒಲೆ ಹೊತ್ತಿಸಿ ಎಂದು ಯಾವ ತಾಯಿಯನ್ನೂ, ಯಾವ ಹೆಂಡತಿಯನ್ನೂ ಕೇಳುವುದಿಲ್ಲ. ಇದ್ದುದರಲ್ಲಿ ಸೇರಿದ್ದನ್ನು ಉಣ್ಣುತ್ತೇವೆ, ಬೇಕಾದರೆ ನಾವೇ ಬೇಯಿಸಿಕೊಳ್ಳುತ್ತೇವೆ. ಎಲೆಗೆ ಬೀಳುವ ಮೊದಲೇ ಬೇಡ ಎನ್ನುತ್ತೇವೆ, ಬಿದ್ದ ಮೇಲೆ ಚೆಲ್ಲುವುದಿಲ್ಲ. ಇನ್ನೊಬ್ಬರು ಆಸೆಯಿಂದ ತಿನ್ನುವಾಗ ಮೂಗು ಮುಚ್ಚಿಕೊಳ್ಳುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಈ ಸೀಮೆಯಲ್ಲಿ ಊಟ ಬೇಡ ಎನ್ನುವುದಕ್ಕೆ ಬೇರೊಂದು ಅರ್ಥವೂ ಇತ್ತು, ಇವತ್ತಿಗೂ ಪೂರ್ತಿ ಹೋಗಿಲ್ಲ. ಯಾರ ಮನೆಯಲ್ಲಿ ನೀರು ಕುಡಿಯಬಹುದು, ಯಾರ ಕೈಯ ಅನ್ನ ಆಗದು ಎಂದು ಜಾತಿ ನೋಡಿ ಎದ್ದು ಹೋದವರ ಕತೆ ಪ್ರತಿ ಊರಿನಲ್ಲೂ ಇದೆ. ನಮಗೆ ಸೇರದಿರುವುದು ಒಂದು ಪದಾರ್ಥ. ಬೇಯಿಸಿದ ಕೈ, ಕರೆದ ಮನೆ ನಮಗೆ ಎಂದೂ ಸೇರದಿರುವುದಿಲ್ಲ. ಯಾರ ಮನೆಯಲ್ಲಾದರೂ ಕೂರುತ್ತೇವೆ, ಅಲ್ಲಿ ಸೇರಿದ್ದನ್ನು ಉಣ್ಣುತ್ತೇವೆ. "ಸೇರದು" ಎಂಬ ಮಾತಿನ ಮರೆಯಲ್ಲಿ ಜಾತಿ ಬಚ್ಚಿಡುವವರಿಗೆ ನಮ್ಮಲ್ಲಿ ಜಾಗವಿಲ್ಲ.

ಇನ್ನು ಭೂಮಿ ಹುಣ್ಣಿಮೆ ಬರುತ್ತದೆ. ತೆನೆ ಹೊತ್ತ ಗದ್ದೆಯನ್ನು ಬಸುರಿ ಎಂದು ಕರೆದು, ರಾತ್ರಿಯೆಲ್ಲ ಎದ್ದು ಅಡುಗೆ ಮಾಡಿ, ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಹೊತ್ತು ಒಯ್ದು ಬಯಕೆ ಊಟ ಬಡಿಸುತ್ತೇವೆ. ಈ ವರ್ಷ ಬುಟ್ಟಿ ತಲೆಗೇರಿಸುವ ಮೊದಲು ಮನೆಯೊಳಗೂ ಒಮ್ಮೆ ಕೇಳಿ. ಹೊಸದಾಗಿ ಬಂದ ಸೊಸೆಯನ್ನು ಕೇಳಿ, ಮೂಲೆಯಲ್ಲಿ ಕೂತು ತಿಳಿಸಾರು ಅನ್ನವಷ್ಟೇ ಉಂಡು ಏಳುವ ಭಾವನನ್ನು ಕೇಳಿ: "ನಿಂಗೆ ಎಂತ ಸೇರ್ತು?" ಅವರು ಹೇಳಿದ್ದನ್ನು ನಂಬಿ.