ಸಾಲಕ್ಕಿಂತ ಮೊದಲು ನಿಲ್ಲಲು ಜಾಗ ಬೇಕು

ಸಣ್ಣ ವ್ಯಾಪಾರಿಗಳಿಗೆ ಸರ್ಕಾರ ಏನು ಮಾಡುತ್ತಿದೆ ಎಂದು ಯಾರನ್ನೇ ಕೇಳಿ, 'ಸಾಲ ಕೊಡುತ್ತಿದೆ' ಎಂಬ ಉತ್ತರ ಬರುತ್ತದೆ. ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ಸಣ್ಣ ವ್ಯವಹಾರದ ಪಾಠ ಓದಿದ ನಾವೆಲ್ಲ ಪರೀಕ್ಷೆಯಲ್ಲಿ ಸಾಲ, ಸಹಾಯಧನ, ತರಬೇತಿ ಎಂದು ಬರೆದು ಅಂಕ ಪಡೆದವರೇ. ಆ ಉತ್ತರ ತಪ್ಪಲ್ಲ. ಆದರೆ ಹೆಬ್ಬಾಳ, ಆರ್.ಟಿ. ನಗರ, ಯಲಹಂಕದ ರಸ್ತೆಗಳಲ್ಲಿ ತಳ್ಳುಗಾಡಿ ಇಟ್ಟುಕೊಂಡವರಿಗೂ, ರಾಜಾನುಕುಂಟೆ, ಹೆಸರಘಟ್ಟದ ಕಡೆಯಿಂದ ಸೊಪ್ಪಿನ ಮೂಟೆ ಹೊತ್ತು ಬರುವವರಿಗೂ ಎಲ್ಲಕ್ಕಿಂತ ಮೊದಲು ಬೇಕಾದದ್ದು ಆ ಪಟ್ಟಿಯಲ್ಲಿ ಇಲ್ಲ. ಅದು ನಿಲ್ಲಲು ಒಂದು ಜಾಗ. ಅದನ್ನು ಕೊಡಬಲ್ಲದ್ದು ದೆಹಲಿಯೂ ಅಲ್ಲ, ವಿಧಾನಸೌಧವೂ ಅಲ್ಲ. ನಮ್ಮ ಪಂಚಾಯಿತಿ ಮತ್ತು ನಮ್ಮ ನಗರ ಪಾಲಿಕೆ.

ನನ್ನ ಚಾಚಾ ಹಣ್ಣಿನ ಗಾಡಿ ಇಟ್ಟುಕೊಂಡಿದ್ದಾರೆ. ಕಳೆದ ವರ್ಷ ಅವರ ಒಂದು ತಿಂಗಳ ಲೆಕ್ಕವನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಹಣ್ಣಿನ ಖರೀದಿ, ಗೂಡ್ಸ್ ಆಟೋ ಬಾಡಿಗೆ, ಕವರು, ಟೀ, ಕೊಳೆತು ಹೋದದ್ದು ಎಲ್ಲ ಕಳೆದರೆ ದಿನಕ್ಕೆ ಸುಮಾರು 650 ರೂಪಾಯಿ ಉಳಿಯುತ್ತಿತ್ತು. ಅವರು ಪಿಎಂ ಸ್ವನಿಧಿಯ ಮೊದಲ ಕಂತಿನ ಸಾಲ 10,000 ರೂಪಾಯಿ ಪಡೆದಿದ್ದರು. 2020ರ ಜೂನ್‌ನಲ್ಲಿ, ಕೊರೊನಾ ಲಾಕ್‌ಡೌನಿನಲ್ಲಿ ಬಂಡವಾಳ ಕಳೆದುಕೊಂಡ ಬೀದಿ ವ್ಯಾಪಾರಿಗಳಿಗಾಗಿ ಶುರುವಾದ ಯೋಜನೆ ಅದು. ಮೊದಲ ಸಾಲ ತೀರಿಸಿದರೆ 20,000, ಅದನ್ನೂ ತೀರಿಸಿದರೆ 50,000. ಸರಿಯಾಗಿ ಕಟ್ಟಿದವರಿಗೆ ಶೇ. 7ರಷ್ಟು ಬಡ್ಡಿ ಸಹಾಯಧನ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಇದನ್ನು 2030ರ ಮಾರ್ಚ್‌ವರೆಗೆ ವಿಸ್ತರಿಸಿ, ಮೊದಲ ಸಾಲವನ್ನು 15,000ಕ್ಕೂ ಎರಡನೆಯದನ್ನು 25,000ಕ್ಕೂ ಏರಿಸಿತು.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. 10,000 ರೂಪಾಯಿಯನ್ನು ಹನ್ನೆರಡು ಕಂತುಗಳಲ್ಲಿ ತೀರಿಸುವಾಗ ಅಸಲು ತಿಂಗಳು ತಿಂಗಳು ಕರಗುತ್ತಾ ಹೋಗುತ್ತದೆ. ಅದರ ಮೇಲೆ ಶೇ. 7ರ ಸಹಾಯಧನ ಎಂದರೆ ಇಡೀ ವರ್ಷಕ್ಕೆ 400 ರೂಪಾಯಿಗೂ ಕಡಿಮೆ. ಚಾಚಾ ಒಂದು ದಿನ ಗಾಡಿ ನಿಲ್ಲಿಸಲು ಆಗದಿದ್ದರೆ ಹೋಗುವುದು 650 ರೂಪಾಯಿ, ಜೊತೆಗೆ ಮಾರಾಟವಾಗದೆ ಮೆತ್ತಗಾಗುವ ಪಪ್ಪಾಯಿ, ಬಾಳೆಹಣ್ಣು. ಅಂದರೆ ವರ್ಷವಿಡೀ ಸರ್ಕಾರ ಕೊಡುವ ಬಡ್ಡಿ ನೆರವು ಒಂದೇ ದಿನ ಜಾಗ ತಪ್ಪಿದರೆ ಮುಗಿದುಹೋಗುತ್ತದೆ. ನನ್ನ ನೋಟ್‌ಬುಕ್ಕಿನ ಆ ತಿಂಗಳಲ್ಲಿ ಚರಂಡಿ ಕೆಲಸ, ರಸ್ತೆ ತೆರವು ಎಂದು ನಾಲ್ಕು ದಿನ ಖಾಲಿ ಇತ್ತು.

ಹಾಗೆಂದು ಸಾಲ ಬೇಡ ಎನ್ನುತ್ತಿಲ್ಲ. ಬೆಳಿಗ್ಗೆ 900 ರೂಪಾಯಿ ಕೊಟ್ಟು ಸಂಜೆ 1,000 ವಸೂಲಿ ಮಾಡುವ ಮೀಟರ್ ಬಡ್ಡಿಯವರ ಕೈಯಿಂದ ಬಿಡಿಸುವ ಯಾವ ಸಾಲವೂ ಒಳ್ಳೆಯದೇ. ನಮ್ಮಲ್ಲಿ ಹಲವರ ಮನೆಗಳಲ್ಲಿ ಬಡ್ಡಿಯ ಸಾಲ ಎಂದರೆ ಹಿಂಜರಿಕೆ ಇದೆ. ಅಂಥವರಿಗೂ ದಾರಿ ಇಲ್ಲದಿರಲಿಲ್ಲ. 2018ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಆರಂಭಿಸಿದ 'ಬಡವರ ಬಂಧು' ಯೋಜನೆ ಸಹಕಾರಿ ಬ್ಯಾಂಕುಗಳ ಮೂಲಕ 2,000ದಿಂದ 10,000 ರೂಪಾಯಿವರೆಗೆ ಬಡ್ಡಿಯಿಲ್ಲದ ಸಾಲ ಕೊಡಲು ಬಂದದ್ದು. ಆದರೆ ಬಡ್ಡಿ ಇರಲಿ ಇಲ್ಲದಿರಲಿ, ನಿಂತ ಜಾಗ ನಾಲ್ಕು ದಿನ ತಪ್ಪಿದ ವ್ಯಾಪಾರಿ ಐದನೆಯ ದಿನ ಮತ್ತೆ ಮೀಟರ್ ಬಡ್ಡಿಯವರ ಹತ್ತಿರವೇ ಹೋಗುತ್ತಾನೆ. ಸಾಲ ಕೊಟ್ಟು ಜಾಗ ಕೊಡದಿರುವುದು ತಳ ತೂತಾದ ಬಿಂದಿಗೆಗೆ ನೀರು ತುಂಬಿದ ಹಾಗೆ.

ಇಲ್ಲಿ ಬರುವ ನ್ಯಾಯವಾದ ಪ್ರಶ್ನೆ, ಫುಟ್‌ಪಾತ್ ನಡೆಯುವವರದ್ದಲ್ಲವೇ ಎಂಬುದು. ಹೌದು, ಅವರದ್ದೇ. ಕಾಲೇಜಿಗೆ ನಡೆದು ಬರುವ ನಮಗೂ, ಊರುಗೋಲು ಹಿಡಿದು ನಡೆಯುವ ಹಿರಿಯರಿಗೂ ಅದು ಬೇಕು. ಈ ಜಗಳಕ್ಕೆ ಉತ್ತರ ಹುಡುಕಲೆಂದೇ ಸಂಸತ್ತು 2014ರಲ್ಲಿ ಬೀದಿ ವ್ಯಾಪಾರಿಗಳ ಕಾಯ್ದೆಯನ್ನು ತಂದಿತು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಮಾಡಬೇಕು, ವ್ಯಾಪಾರಕ್ಕೆ ವಲಯ ಗುರುತಿಸಬೇಕು, ಸಮೀಕ್ಷೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸಬಾರದು ಎಂದು ಅದು ಹೇಳುತ್ತದೆ. ಸ್ಥಳ ಬದಲಿಸಬೇಕಾದರೆ 30 ದಿನದ ನೋಟಿಸು ಕೊಡಬೇಕು. ಸರಕು ಜಪ್ತಿ ಮಾಡಿದರೆ ಪಟ್ಟಿ ಬರೆದುಕೊಡಬೇಕು. ಕೇಳಿ ಬಂದವರಿಗೆ ಕೊಳೆಯುವ ಸರಕನ್ನು ಅದೇ ದಿನ, ಉಳಿದದ್ದನ್ನು ಎರಡು ಕೆಲಸದ ದಿನಗಳೊಳಗೆ ಹಿಂದಿರುಗಿಸಬೇಕು. ಇದನ್ನೆಲ್ಲ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಆಯ್ಕೆ ಮಾಡಿದ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ನಡೆಯುವವರಿಗೂ ಮಾರುವವರಿಗೂ ಜಾಗ ಹಂಚಲು ಇಷ್ಟು ಚೆನ್ನಾದ ವ್ಯವಸ್ಥೆ ಕಾಗದದ ಮೇಲಿದೆ. ಆದರೆ ಎಷ್ಟು ಗಾಡಿಯವರಿಗೆ ಈ ವಿಷಯ ಗೊತ್ತಿದೆ? ಚಾಚಾಗೆ ಗೊತ್ತಿರಲಿಲ್ಲ.

ಗೊತ್ತಿದ್ದರೂ ಯಾರ ಹತ್ತಿರ ಹೋಗಿ ಕೇಳಬೇಕಿತ್ತು? 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿಯಿತು. ಅಲ್ಲಿಂದ 2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿಯೇ ಹೋಗಿ ಐದು ನಗರ ಪಾಲಿಕೆಗಳು ಬರುವವರೆಗೂ ಬೆಂಗಳೂರಿನ ಯಾವ ವಾರ್ಡಿನಲ್ಲೂ ಚುನಾಯಿತ ಕಾರ್ಪೊರೇಟರ್ ಇರಲಿಲ್ಲ. ಶಾಸಕರಿಗೆ ಇಡೀ ಕ್ಷೇತ್ರದ ಚಿಂತೆ, ಅಧಿಕಾರಿಗಳಿಗೆ ಕಡತದ ಚಿಂತೆ. ಒಂದು ಮೂಲೆಯ ಐದು ಗಾಡಿಗಳ ವಿಷಯ ಕೇಳುವುದಕ್ಕೆ ವಾರ್ಡಿನವರೇ ಆದ ಒಬ್ಬರು ಬೇಕು. ಈಗ ಹೆಬ್ಬಾಳ, ಯಲಹಂಕ ಬೆಂಗಳೂರು ಉತ್ತರ ನಗರ ಪಾಲಿಕೆಗೆ ಸೇರಿವೆ. ಹೊಸ ಪಾಲಿಕೆ ಮಾಡಬೇಕಾದ ಮೊದಲ ಕೆಲಸಗಳಲ್ಲಿ ವಾರ್ಡುವಾರು ವ್ಯಾಪಾರ ವಲಯಗಳ ನಕ್ಷೆಯೂ ಒಂದಾಗಿರಬೇಕು ಎಂಬುದು ನನ್ನ ಅಭಿಪ್ರಾಯ.

ಇದು ನಗರದ ವಿಷಯ, ಹಳ್ಳಿಗೂ ಇದಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಉತ್ತರ ಬೆಂಗಳೂರಿನಲ್ಲಿ ಹಳ್ಳಿ ಎಲ್ಲಿ ಮುಗಿಯುತ್ತದೆ, ಪೇಟೆ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯುವುದು ಕಷ್ಟ. ಯಶವಂತಪುರದ ಎಪಿಎಂಸಿ ಯಾರ್ಡಿಗೆ ಬರುವ ಈರುಳ್ಳಿ, ಬೆಳ್ಳುಳ್ಳಿ ದೂರದ ಜಿಲ್ಲೆಗಳದ್ದು. ಆದರೆ ನಮ್ಮ ಮನೆಯ ದಂಟು, ಮೆಂತ್ಯ, ಕೊತ್ತಂಬರಿ ಹೆಚ್ಚಿನ ಪಾಲು ಯಲಹಂಕ, ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಹೊಲಗಳದ್ದು. ನನ್ನ ನಾನಿಯ ಊರು ರಾಜಾನುಕುಂಟೆ ಹತ್ತಿರ. ಅಲ್ಲಿಂದ ಮೊದಲ ಬಸ್ಸಿಗೆ ಸೊಪ್ಪಿನ ಕಟ್ಟುಗಳನ್ನು ಹೇರಿಕೊಂಡು ಬರುವ ಅಕ್ಕಂದಿರನ್ನು ನಾನು ಚಿಕ್ಕವಳಿದ್ದಾಗಿನಿಂದ ನೋಡುತ್ತಿದ್ದೇನೆ. ರಸ್ತೆ ಬದಿ ಎರಡು ಗಂಟೆ ಕುಳಿತು ಮಾರಿದರೆ ಗಿರಾಕಿ ಕೊಡುವ ಪೂರ್ತಿ ಬೆಲೆ ಅವರ ಕೈಗೆ. ಕೂರಲು ಬಿಡದಿದ್ದರೆ ಸಿಕ್ಕಿದ ಬೆಲೆಗೆ ಮಧ್ಯವರ್ತಿಗೆ ಸುರಿದು ಹೋಗಬೇಕು. ಬೀದಿಯ ಜಾಗ ಹೋದರೆ ಹೊಲದ ಆದಾಯವೂ ಹೋಗುತ್ತದೆ.

ಈ ಮಾತು ಹೊಸದೇನಲ್ಲ. 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ಒಂದು ಸಹಕಾರ ಸಂಘ ಕಟ್ಟಿಕೊಂಡರು. ಅದರ ಹಿಂದೆ ಇದ್ದವರು ತೋಟಗಾರಿಕೆ ಇಲಾಖೆಯ ಡಾ. ಎಂ.ಎಚ್. ಮರಿಗೌಡರು. ಅದೇ ಮುಂದೆ ಹಾಪ್‌ಕಾಮ್ಸ್ ಆಯಿತು. ಅದು ಬೆಳೆಗಾರರಿಗೆ ಕೊಟ್ಟ ದೊಡ್ಡ ನೆರವು ಯಾವುದು? ನಗರದ ಒಳಗೇ ಬಡಾವಣೆ ಬಡಾವಣೆಗೆ ಮಳಿಗೆ, ಸರಿಯಾದ ತೂಕ, ಬೋರ್ಡಿನ ಮೇಲೆ ಬರೆದ ದರ. ಎಂದರೆ ಜಾಗ ಮತ್ತು ನಂಬಿಕೆ. ನಮ್ಮ ನೆರೆಯವರೂ ಇದನ್ನು ಮಾಡಿ ತೋರಿಸಿದ್ದಾರೆ. 1999ರಲ್ಲಿ ಆಂಧ್ರಪ್ರದೇಶದಲ್ಲಿ ರೈತು ಬಜಾರ್, ಅದೇ ವರ್ಷ ಮಧುರೈನಲ್ಲಿ ಉಳವರ್ ಸಂದೈ ಶುರುವಾದವು. ಅಲ್ಲಿ ಗುರುತಿನ ಚೀಟಿ ಇರುವ ರೈತರು ತಾವೇ ಕೂತು ಮಾರುತ್ತಾರೆ.

ನಮ್ಮ ಪಂಚಾಯಿತಿಗಳಿಗೆ ಇದನ್ನು ಮಾಡುವ ಅಧಿಕಾರ ಇಲ್ಲವೇ? ಇದೆ. 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಹನ್ನೊಂದನೇ ಅನುಸೂಚಿಯನ್ನು ಸೇರಿಸಿತು. ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳು ಅದರಲ್ಲಿವೆ. ಕೃಷಿ, ಹೈನುಗಾರಿಕೆ, ಸಣ್ಣ ಕೈಗಾರಿಕೆ, ಖಾದಿ ಮತ್ತು ಗೃಹ ಕೈಗಾರಿಕೆಗಳ ಜೊತೆ 'ಮಾರುಕಟ್ಟೆ ಮತ್ತು ಜಾತ್ರೆ' ಎಂಬುದೂ ಇದೆ. ಆದರೆ ನಮ್ಮ ಗ್ರಾಮಸಭೆಗಳಲ್ಲಿ ಕೇಳಿಬರುವುದು ಬಹುಪಾಲು ಚರಂಡಿ, ಬೀದಿ ದೀಪ, ನೀರು. ಅವೂ ಬೇಕು. ಸಂತೆ ಜಾಗಕ್ಕೆ ನೆರಳು, ಕುಡಿಯುವ ನೀರು, ಮಹಿಳೆಯರಿಗೆ ಒಂದು ಶೌಚಾಲಯ ಕೂಡ ಬೇಕು. ಸಂತೆಯಲ್ಲಿ ಸುಂಕ ವಸೂಲಿ ಮಾಡಿದ ಮೇಲೆ ಅದರಲ್ಲಿ ಒಂದಷ್ಟಾದರೂ ಸಂತೆಗೇ ವಾಪಸು ಬರಬೇಕು.

ಸ್ಥಳೀಯ ಸರ್ಕಾರ ಸಣ್ಣ ಉದ್ಯಮಕ್ಕೆ ನೆರವಾಗುವ ಇನ್ನೊಂದು ದಾರಿ ತಾನೇ ಗಿರಾಕಿಯಾಗುವುದು. ಇದಕ್ಕೆ ಕರ್ನಾಟಕದಲ್ಲೇ ಒಳ್ಳೆಯ ಉದಾಹರಣೆ ಇದೆ. ಅನೇಕ ಗ್ರಾಮ ಪಂಚಾಯಿತಿಗಳು ಕಸ ಸಂಗ್ರಹದ ಕೆಲಸವನ್ನು ಸಂಜೀವಿನಿ ಸ್ವಸಹಾಯ ಸಂಘಗಳ ಒಕ್ಕೂಟಕ್ಕೆ ಒಪ್ಪಂದ ಮಾಡಿ ವಹಿಸಿವೆ. ಸಂಘದ ಮಹಿಳೆಯರೇ ತರಬೇತಿ ಪಡೆದು ಸ್ವಚ್ಛವಾಹಿನಿ ಗಾಡಿ ಓಡಿಸುತ್ತಾರೆ. ಪಂಚಾಯಿತಿಯ ಸಭೆಗೆ ಬೇಕಾದ ತಿಂಡಿ, ಶಾಲೆಯ ಸಮವಸ್ತ್ರದ ಹೊಲಿಗೆ ಇಂಥವನ್ನೂ ಇದೇ ರೀತಿ ಊರಿನ ಸಂಘಗಳಿಗೆ ಕೊಟ್ಟರೆ ತಿಂಗಳು ತಿಂಗಳು ಖಚಿತವಾದ ಆದಾಯ ಬರುತ್ತದೆ. ಗೊತ್ತಾದ ಗಿರಾಕಿ ಇದ್ದವರಿಗೆ ಸಾಲ ಕೊಡಲು ಬ್ಯಾಂಕಿನವರೂ ಹಿಂಜರಿಯುವುದಿಲ್ಲ.

ಕೊನೆಯದಾಗಿ ಕಾಗದಪತ್ರದ ವಿಷಯ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸು ಕಳಿಸಿದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು 'ನಗದು ಮಾತ್ರ' ಎಂದು ಬರೆದರು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ದಾಟಿದರೆ ಮಾತ್ರ ನೋಂದಣಿ ಬೇಕು, ತಾಜಾ ತರಕಾರಿ, ಹಣ್ಣು, ಹಾಲಿಗೆ ಜಿಎಸ್‌ಟಿಯೇ ಇಲ್ಲ ಎಂಬ ಸರಳ ವಿಷಯ ತಿಳಿಸುವವರಿಲ್ಲದೆ ಗಾಡಿಯವರೂ ಹೆದರಿದರು. ಪಂಚಾಯಿತಿ ಕಚೇರಿಯಲ್ಲಿ, ವಾರ್ಡ್ ಕಚೇರಿಯಲ್ಲಿ ವಾರಕ್ಕೊಂದು ದಿನ ಇದನ್ನೆಲ್ಲ ಕನ್ನಡದಲ್ಲಿ, ಉರ್ದುವಿನಲ್ಲಿ, ತಮಿಳಿನಲ್ಲಿ ಹೇಳಿಕೊಡುವ ಒಬ್ಬರು ಕೂತರೆ ಸಾಕಿತ್ತು.

ಈ ಕೆಲಸದಲ್ಲಿ ನಮ್ಮ ಪಾಲೂ ಇದೆ. ನಮ್ಮ ಎನ್‌ಎಸ್‌ಎಸ್ ಘಟಕ ಪ್ರತಿ ವರ್ಷ ಶಿಬಿರ ಮಾಡುತ್ತದೆ. ಈ ಬಾರಿ ಕಾಲೇಜಿನ ಸುತ್ತಲಿನ ಎರಡು ಕಿಲೋಮೀಟರಿನಲ್ಲಿ ಎಲ್ಲೆಲ್ಲಿ, ಎಷ್ಟು ಹೊತ್ತಿಗೆ, ಏನು ವ್ಯಾಪಾರ ನಡೆಯುತ್ತದೆ ಎಂದು ನಾವೇ ಒಂದು ನಕ್ಷೆ ಮಾಡಬಹುದು. ಎಲ್ಲಿ ನಡೆಯುವವರಿಗೆ ತೊಂದರೆ, ಎಲ್ಲಿ ಇಲ್ಲ ಎಂಬುದನ್ನೂ ಗುರುತಿಸಬಹುದು. ಪ್ರಾಂಶುಪಾಲರ ಸಹಿಯೊಂದಿಗೆ ಅದನ್ನು ಪಾಲಿಕೆಗೆ ಕೊಡಬಹುದು. ವಾಣಿಜ್ಯ ವಿಭಾಗದವರು ಶನಿವಾರ ಮಧ್ಯಾಹ್ನ ಒಂದು ಮೇಜು ಹಾಕಿ ಕೂತು ಸ್ವನಿಧಿ ಅರ್ಜಿ, ಗುರುತಿನ ಚೀಟಿ, ದಿನದ ಲೆಕ್ಕದ ಪುಸ್ತಕ ಇವುಗಳಿಗೆ ನೆರವಾಗಬಹುದು. ಹಳ್ಳಿಯಿಂದ ಬರುವ ಗೆಳೆಯ ಗೆಳತಿಯರು ಮುಂದಿನ ಗ್ರಾಮಸಭೆಗೆ ಮನೆಯವರ ಜೊತೆ ಹೋಗಿ, ಚರಂಡಿಯ ವಿಷಯ ಮುಗಿದ ಮೇಲೆ ಎದ್ದು ನಿಂತು ಒಂದು ಪ್ರಶ್ನೆ ಕೇಳಲಿ: ನಮ್ಮ ಊರಿನವರು ಬೆಳೆದದ್ದನ್ನು, ಹೊಲಿದದ್ದನ್ನು ಮಾರಲು ಪಂಚಾಯಿತಿ ಎಲ್ಲಿ ಜಾಗ ಕೊಡುತ್ತದೆ? ಆ ಪ್ರಶ್ನೆಯೂ ಉತ್ತರವೂ ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಕುಳಿತುಕೊಳ್ಳಬೇಡಿ.