ಓದಲು ಹೋದ ಮಕ್ಕಳೂ ನಮ್ಮ ಹೊಣೆಯೂ

ಅಡಿಕೆಗೋ ಕಾಫಿಗೋ ನಾಲ್ಕು ಕಾಸು ಧಾರಣೆ ಬಂದರೆ ನಾವು ಮೊದಲು ತೆಗೆದಿಡುವುದು ಮಕ್ಕಳ ಓದಿನ ಖರ್ಚನ್ನು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಎರಡೆಕರೆ ತೋಟದವರೂ ಸಾಲ ಮಾಡಿಯಾದರೂ ಮಕ್ಕಳನ್ನು ಶಿವಮೊಗ್ಗ, ಶಂಕರಘಟ್ಟ, ಮಣಿಪಾಲ, ಮಂಗಳೂರು, ಬೆಂಗಳೂರಿಗೆ ಕಳಿಸುತ್ತಾರೆ. ಅವರಲ್ಲಿ ಬಹುಮಂದಿ ಚೆನ್ನಾಗಿಯೇ ಓದಿ ಮುಂದೆ ಬರುತ್ತಾರೆ. ಆದರೆ ಕೆಲವರು ಮದ್ಯಕ್ಕೂ ಗಾಂಜಾಕ್ಕೂ ಬೀಳುತ್ತಿದ್ದಾರೆಂಬುದನ್ನು ಇನ್ನು ಮುಚ್ಚಿಟ್ಟು ಫಲವಿಲ್ಲ.

ಇದು ಬೆಂಗಳೂರಿನ ಪಿಡುಗು, ನಮ್ಮದಲ್ಲ ಎನ್ನುವಂತಿಲ್ಲ. 2023ರ ಜೂನ್ ತಿಂಗಳಲ್ಲಿ ಶಿವಮೊಗ್ಗದಲ್ಲೇ ಬಾಡಿಗೆ ಮನೆಯೊಳಗೆ ಗಾಂಜಾ ಬೆಳೆಸಿದ ಆರೋಪದ ಮೇಲೆ ವೈದ್ಯಕೀಯ ವಿದ್ಯಾರ್ಥಿಗಳ ಬಂಧನವಾಯಿತು. ಕೇಂದ್ರ ಸರ್ಕಾರವು ದೆಹಲಿಯ ಏಮ್ಸ್ ಮೂಲಕ ಮಾಡಿಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯವನ್ನೂ ಸುಮಾರು 3.1 ಕೋಟಿ ಜನ ಭಂಗಿ, ಗಾಂಜಾ, ಚರಸ್‌ಗಳನ್ನೂ ಬಳಸುತ್ತಾರೆ. ಬಳಸಿದವರೆಲ್ಲ ಚಟಕ್ಕೆ ಬಿದ್ದವರಲ್ಲ, ನಿಜ. ಆದರೆ ಎಳೆಯ ವಯಸ್ಸಿನಲ್ಲಿ ಆರಂಭಿಸಿದಷ್ಟೂ ಚಟ ಅಂಟುವ ಭಯ ಹೆಚ್ಚು.

ಪೇಟೆಯನ್ನು ದೂರುವ ಮುನ್ನ ನಮ್ಮ ಬೇಲಿಯೊಳಗೂ ಒಮ್ಮೆ ನೋಡಿಕೊಳ್ಳೋಣ. ಶುಂಠಿ, ಮೆಕ್ಕೆಜೋಳ, ಅಡಿಕೆಯ ನಡುವೆ ಗಾಂಜಾ ಗಿಡ ಸಿಕ್ಕ ಪ್ರಕರಣಗಳು ನಮ್ಮ ಜಿಲ್ಲೆಯಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ಎಲೆಚುಕ್ಕಿಯಿಂದ ಫಸಲು ಕೈಬಿಟ್ಟವನಿಗೆ ಇಂಥ ದುಡ್ಡಿನ ಆಸೆ ತೋರಿಸುವುದು ಸುಲಭ. ಆದರೆ 1985ರ ಮಾದಕ ವಸ್ತುಗಳ ಕಾಯ್ದೆಯಂತೆ ಗಾಂಜಾ ಬೆಳೆದವನಿಗೆ 10 ವರ್ಷಗಳವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ತನ್ನ ಜಮೀನಿನಲ್ಲಿ ಅಕ್ರಮ ಗಿಡವಿದೆಯೆಂದು ಗೊತ್ತಿದ್ದೂ ಅಧಿಕಾರಿಗಳಿಗೆ ತಿಳಿಸದ ಜಮೀನುದಾರನೂ ಅದೇ ಕಾಯ್ದೆಯ 46ನೇ ಕಲಮಿನಂತೆ ಶಿಕ್ಷೆಗೆ ಗುರಿ. ಶುಂಠಿಗೆಂದು ಗುತ್ತಿಗೆಗೆ ಕೊಟ್ಟ ಜಮೀನಿನ ಕಡೆ ಸುಗ್ಗಿಯವರೆಗೂ ತಲೆಹಾಕದ ನಮ್ಮ ರೂಢಿಯನ್ನು ಬಿಡಬೇಕಾಗಿದೆ. ಅಲ್ಲಿಂದ ಹೋದ ಪೊಟ್ಟಣ ಯಾವ ಮನೆಯ ಹುಡುಗನ ಕೈ ಸೇರೀತೆಂದು ಬಲ್ಲವರಾರು?

ಮದ್ಯದ ಮಾತೂ ಹಾಗೆಯೇ. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಹಳ್ಳಿಯ ಗೂಡಂಗಡಿಯಲ್ಲಿ ಪರವಾನಗಿಯಿಲ್ಲದೆ ಮದ್ಯ ಮಾರುವುದು ಊರಿಗೆಲ್ಲ ಗೊತ್ತಿದ್ದರೂ ಯಾರೂ ಬಾಯಿ ಬಿಡುವುದಿಲ್ಲ. ಮದುವೆ, ಗೃಹಪ್ರವೇಶದ ರಾತ್ರಿ ಹಿತ್ತಲಲ್ಲಿ ಬಾಟಲಿ ತೆರೆಯುವ ಹಿರಿಯರು ಬೆಳಿಗ್ಗೆ ಮಕ್ಕಳಿಗೆ ಬುದ್ಧಿ ಹೇಳಿದರೆ ಆ ಮಾತಿಗೆ ತೂಕವೆಲ್ಲಿ?

ಇವೆಲ್ಲಕ್ಕಿಂತ ಹೆಚ್ಚಿನ ಅಪಾಯ ನಮ್ಮ ಮೌನದಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಹುಡುಗ ರಜೆಗೂ ಊರಿಗೆ ಬರುವುದಿಲ್ಲ, ತಿಂಗಳಿಗೆ ಮೂರು ಬಾರಿ ದುಡ್ಡು ಕೇಳುತ್ತಾನೆ, ಪರೀಕ್ಷೆಗೆ ಕೂರುವುದಿಲ್ಲ. ತಾಯಿಗೆ ತಿಳಿಯುತ್ತದೆ, ತಂದೆಗೆ ಹೇಳುವುದಿಲ್ಲ. ತಂದೆಗೆ ತಿಳಿದರೆ ನೆಂಟರಿಗೆ ಗೊತ್ತಾದೀತೆಂಬ ಅಂಜಿಕೆ. ಕೊನೆಗೆ ‘ಮದುವೆ ಮಾಡಿದರೆ ಸರಿಹೋದಾನು’ ಎಂದು ಏನೂ ಅರಿಯದ ಹೆಣ್ಣುಮಗಳೊಬ್ಬಳನ್ನು ಮನೆ ತುಂಬಿಸಿಕೊಳ್ಳುತ್ತಾರೆ. ಚಟಕ್ಕೆ ಮದುವೆ ಔಷಧಿಯಲ್ಲ. ಅದು ಇನ್ನೊಬ್ಬರ ಮನೆಯ ಮಗಳಿಗೆ ಮಾಡುವ ಅನ್ಯಾಯ.

ಕೊಳೆಗೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮುನ್ನ ಹೊಡೆಯುತ್ತೇವೆ. ಕಾಯಿ ಉದುರಿ ಅಂಗಳ ತುಂಬಿದ ಮೇಲಲ್ಲ. ಪಕ್ಕದ ತೋಟದವನು ಕೊಳೆ ಬಂದುದನ್ನು ಮುಚ್ಚಿಟ್ಟರೆ ಕೋಪಿಸಿಕೊಳ್ಳುತ್ತೇವೆ. ಮಕ್ಕಳ ವಿಷಯದಲ್ಲಿ ಮಾತ್ರ ಮುಚ್ಚಿಡುವುದನ್ನೇ ಮರ್ಯಾದೆ ಎಂದುಕೊಂಡಿದ್ದೇವೆ.

ಸಿಕ್ಕಿಬಿದ್ದ ವಿದ್ಯಾರ್ಥಿಯನ್ನು ಕಾಲೇಜಿನಿಂದ ಹೊರಹಾಕಿದರೆ ಉಳಿದವರಿಗೆ ಬುದ್ಧಿ ಬಂದೀತೆಂದು ಕೆಲವರು ವಾದಿಸುತ್ತಾರೆ. ಮಾರುವವನ ಮೇಲೆ ದಯೆ ಬೇಡ. ಅದರಲ್ಲಿ ಎರಡು ಮಾತಿಲ್ಲ. ಆದರೆ ಚಟಕ್ಕೆ ಬಿದ್ದ ಹುಡುಗ ರೋಗಿ. ಓದೂ ತಪ್ಪಿ, ಊರಿಗೂ ಮುಖ ತೋರಿಸಲಾಗದೆ ಅಲೆಯುವವನು ಮತ್ತಷ್ಟು ಆಳಕ್ಕೆ ಇಳಿಯುತ್ತಾನೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಮುಂದೆ ಬಂದು, ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪೂರೈಸಿದರೆ ಮೊಕದ್ದಮೆಯಿಂದ ವಿನಾಯಿತಿಯನ್ನು ಅದೇ ಕಾಯ್ದೆಯ 64-ಎ ಕಲಮು ಕೊಡುತ್ತದೆ. ಕಾನೂನು ತೋರುವ ಈ ಕರುಣೆಯನ್ನು ನಾವೂ ತೋರಬೇಡವೇ?

ಚಿಕಿತ್ಸೆಗೆ ದೂರ ಹೋಗಬೇಕಾಗಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋರೋಗ ವಿಭಾಗವಿದೆ. ಹೆಚ್ಚಿನದಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಮನೆಯಿಂದಲೇ ಉಚಿತವಾಗಿ ಕರೆ ಮಾಡಬಹುದು.

ಸಹಕಾರಿ ಸಂಘವೆಂದರೆ ಗೊಬ್ಬರ, ಸಾಲ, ಧಾರಣೆ ಇಷ್ಟೇ ಅಲ್ಲ. ಬರುವ ಸರ್ವ ಸದಸ್ಯರ ಸಭೆಯಲ್ಲಿ ಈ ವಿಷಯಕ್ಕೆ ಅರ್ಧ ತಾಸು ಮೀಸಲಿಡಬೇಕು. ಸಹಾಯವಾಣಿಯ ಸಂಖ್ಯೆಯನ್ನು ಸಂಘದ ಪ್ರತಿ ಶಾಖೆಯಲ್ಲೂ ಬರೆಸಬೇಕು. ಗುತ್ತಿಗೆ ಕರಾರಿನಲ್ಲಿ ಗಾಂಜಾ ಬೆಳೆಯಕೂಡದೆಂಬ ಷರತ್ತನ್ನು ಸದಸ್ಯರು ತಪ್ಪದೆ ಸೇರಿಸಬೇಕು. ಇವಕ್ಕೆ ಖರ್ಚು ಅಷ್ಟೇನೂ ಇಲ್ಲ. ಮಗ ಫೋನು ಮಾಡಿದಾಗ ದುಡ್ಡು ಎಷ್ಟು ಬೇಕೆಂದು ಕೇಳುವ ಮೊದಲು ಹೇಗಿದ್ದೀಯೆಂದು ಕೇಳುವುದಕ್ಕಂತೂ ಯಾವ ಖರ್ಚೂ ಇಲ್ಲ. ಸದಸ್ಯ ಬಾಂಧವರು ಯೋಚಿಸಿ ಸಭೆಗೆ ಬರಬೇಕೆಂದು ಕೋರುತ್ತೇವೆ.