‘ಸಲಿಂಗಕಾಮಿ’ ಎಂಬುದು ಬೈಗುಳವೇ?

ಮೊನ್ನೆ ಕುಡತಿನಿಯ ಚಹಾದಂಗಡಿಯಲ್ಲಿ ಒಬ್ಬ ಮಿಲ್ಲಿನ ಕೂಲಿಗಾರನನ್ನು ಜೊತೆಯವರೇ ‘ಸಲಿಂಗಕಾಮಿ’ ಎಂದು ಕೂಗಿ ನಕ್ಕರು. ಆತ ಅರ್ಧ ಕುಡಿದ ಚಹಾ ಬಿಟ್ಟು ಎದ್ದುಹೋದ. ನಕ್ಕವರಲ್ಲಿ ಒಬ್ಬನನ್ನು, ಆ ಮಾತಿನ ಅರ್ಥವೇನಪ್ಪಾ ಎಂದು ಕೇಳಿದೆ. ‘ಅದೇ, ಜೋಗಪ್ಪ ಇದ್ದಂಗ್ರೀ’ ಎಂದ.

ಇದು ತಪ್ಪು, ಬಂಧುಗಳೇ. ಎಲ್ಲಮ್ಮನ, ಹುಲಿಗೆಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಹೆಣ್ಣುಡುಗೆ ಉಟ್ಟು ಬಾಳುವವರು ಜೋಗಪ್ಪಗಳು. ಅದು ತಾನು ಯಾರು ಎಂಬ ಪ್ರಶ್ನೆ. ನಮ್ಮ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. (ಬಿರುದು ಬಂದವರ ಮುಂದೆ ನಮ್ಮ ನಾಲಿಗೆ ಬಲು ಸಭ್ಯವಾಗುತ್ತದೆ.) ಸಲಿಂಗಕಾಮಿ ಎಂಬುದಾದರೋ ಮನಸ್ಸು ಯಾರ ಕಡೆ ಒಲಿಯುತ್ತದೆ ಎಂಬುದಕ್ಕೆ ಸಂಬಂಧಿಸಿದ ಮಾತು. ಗಂಡಸಾಗಿಯೇ ಇದ್ದು ಗಂಡಸನ್ನು, ಹೆಂಗಸಾಗಿಯೇ ಇದ್ದು ಹೆಂಗಸನ್ನು ಮೆಚ್ಚಿದವರಿಗೆ ಅದನ್ನು ಹೇಳುತ್ತಾರೆ.

ಇದಕ್ಕೆ ಸಾಟಿಯಾದ ‘ಹೋಮೋಸೆಕ್ಷುಯಲ್’ ಎಂಬ ಪದ ಬೈಗುಳವಾಗಿ ಹುಟ್ಟಿದ್ದಲ್ಲ. ಇಂಥವರನ್ನು ಜೈಲಿಗೆ ತಳ್ಳುತ್ತಿದ್ದ ಪ್ರಷ್ಯಾದ ಕಾನೂನನ್ನು ಖಂಡಿಸಿ ಕೆರ್ಟ್‌ಬೆನಿ ಎಂಬ ಬರಹಗಾರ 1869ರಲ್ಲಿ ಅಚ್ಚು ಹಾಕಿಸಿದ ಕಿರುಹೊತ್ತಗೆಯಲ್ಲಿ ಅದು ಬಂತು. ನ್ಯಾಯ ಕೇಳಲು ಹುಟ್ಟಿದ ಮಾತು ಅದು! ಕನ್ನಡಕ್ಕೆ ಬರುವಾಗ ‘ಕಾಮಿ’ ಸೇರಿಕೊಂಡಿತು. ಹೆಂಡತಿಯೊಡನೆ ಸಂಸಾರ ಮಾಡುವ ಗಂಡನನ್ನು ಯಾರಾದರೂ ಕಾಮಿ ಎನ್ನುತ್ತಾರೆಯೇ? ಆತನಿಗೆ ಮನೆಯುಂಟು, ಮಮತೆಯುಂಟು, ಜ್ವರ ಬಂದರೆ ಗಂಜಿ ಕಾಯಿಸುವವರುಂಟು. ಇವರಿಗೆ ಮಾತ್ರ ಹಾಸಿಗೆಯೊಂದೇ ಬಾಳು ಎಂದು ಆ ಪದ ಸಾರುತ್ತದೆ. ‘ಸಲಿಂಗಪ್ರೇಮಿ’ ಎಂದು ಬರೆಯುವವರೂ ಇದ್ದಾರೆ. ನನಗೆ ಅದೇ ಮೇಲೆಂದು ತೋರುತ್ತದೆ.

ಇಂಗ್ಲಿಷರು 1860ರಲ್ಲಿ ಮಾಡಿದ ದಂಡಸಂಹಿತೆಯ 377ನೆಯ ಕಲಮು ಇವರನ್ನು ಅಪರಾಧಿಗಳೆಂದಿತ್ತು. ವಯಸ್ಕರಿಬ್ಬರು ಒಪ್ಪಿ ಕೂಡಿದರೆ ಅದು ಅಪರಾಧವಲ್ಲವೆಂದು 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಮದುವೆಯ ಹಕ್ಕನ್ನು ಮಾತ್ರ 2023ರಲ್ಲಿ ಅದೇ ಕೋರ್ಟು ಕೊಡಲಿಲ್ಲ.

ಕೋರ್ಟು ಬಿಟ್ಟರೂ ಮಿಲ್ಲಿನ ಗೇಟು ಬಿಟ್ಟಿಲ್ಲ. ಈ ಹೆಸರು ಹೊತ್ತ ಕೂಲಿಗಾರ ಸಂಬಳ ಮುರಿದುಕೊಂಡರೂ ಬಾಯಿ ಬಿಡಲಾರ, ನಾಲ್ವರ ಮುಂದೆ ಮಾನ ಹೋದೀತೆಂಬ ಭಯ. ಮೇಸ್ತ್ರಿಗೆ ಇದು ಚೆನ್ನಾಗಿ ಗೊತ್ತು. ನಗುವ ನಾವು ಯಾರ ಕೆಲಸ ಮಾಡಿಕೊಡುತ್ತಿದ್ದೇವೆ?

ಆ ಕೂಲಿಗಾರ ಮೊನ್ನೆಯಿಂದ ಚಹಾದಂಗಡಿಯ ಕಡೆ ಬಂದಿಲ್ಲ. ಆತನ ಪಾಳಿಯವರು ಮನೆಗೆ ಹೋಗಿ ಕರೆದುಕೊಂಡು ಬರಲಿ.